ಹೊಟ್ಟೆನೋವಿನ ಚೀಟಿ

ಶಾಲೆಯ ಸ್ಟಾಫ್ ರೂಮು,
೨೩ನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಫೋನಿನಲ್ಲಿ ಕೇಳಿದಾಗಲೆಲ್ಲ ‘ಪರವಾಗಿಲ್ಲ ಬಿಡೇ’ ಎಂದು ತೇಲಿಸಿಬಿಡುತ್ತೀಯ. ಕಂಡವರಿಗೆಲ್ಲ ಔಷಧಿ ಹೇಳುವ ನರ್ಸಮ್ಮನಿಗೆ ತನ್ನ ಕಾಲಿಗೆ ಒಂದು ಮುಲಾಮು ಹಚ್ಚಿಕೊಳ್ಳುವಷ್ಟು ಪುರುಸೊತ್ತಿಲ್ಲ. ಇವತ್ತು ನಿನ್ನದೇ ಮೂರು ಪ್ರಶ್ನೆಗಳನ್ನು ನಿನಗೇ ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು. ನೋವು ಎಲ್ಲಿ? ಹೇಗಿದೆ? ಯಾವಾಗಿನಿಂದ? ಚಿಕ್ಕವಳಿದ್ದಾಗ ನಾನು ‘ಅಯ್ಯೋ’ ಅಂದರೆ ಸಾಕು, ನೀನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಈ ಮೂರನ್ನೂ ಕೇಳುತ್ತಿದ್ದೆ. ಆಗ ನೀನಿನ್ನೂ ನರ್ಸ್ ಆಗಿರಲಿಲ್ಲ, ನನಗೆ ಅಮ್ಮ ಮಾತ್ರ ಆಗಿದ್ದೆ. ಭಾವನವರು ವಾಕಿಂಗ್ ಹೋಗುತ್ತಿದ್ದಾರೋ ಅಥವಾ ಬೂಟು ಹಾಕಿಕೊಂಡು ಗೇಟಿನವರೆಗೆ ಹೋಗಿ ಪೇಪರು ತೆಗೆದುಕೊಂಡು ವಾಪಸು ಬರುತ್ತಿದ್ದಾರೋ? ಇಲ್ಲಿ ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿಲ್ಲ, ಅಷ್ಟೇ.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಅಳುತ್ತೇನೆ, ನೀನು ಸಮಾಧಾನ ಮಾಡುತ್ತೀಯ, ಹೇಳಬೇಕಾದದ್ದು ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಅದಕ್ಕೇ ಕಾಗದ. ನಮ್ಮ ರೇಡಿಯೋ ಹೋಗಿಬಿಟ್ಟಳು ಅಕ್ಕಾ. ಆರನೇ ಕ್ಲಾಸಿನ ಆ ಹುಡುಗಿ, ಕಿಟಕಿ ಪಕ್ಕದ ಮೂರನೇ ಬೆಂಚಿನವಳು. ಬಾಯಿ ಮುಚ್ಚದೆ ಮಾತಾಡುತ್ತಾಳೆಂದು ನಾನೇ ಇಟ್ಟ ಹೆಸರು ಅದು, ನೀನೂ ಪ್ರತಿ ಸಲ ‘ನಿನ್ನ ರೇಡಿಯೋ ಏನಂತಾಳೆ’ ಎಂದು ಕೇಳುತ್ತಿದ್ದೆಯಲ್ಲ, ಅವಳೇ. ಹೋದ ಭಾನುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ. ಹನ್ನೊಂದು ವರ್ಷ. ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲೆಲ್ಲ ಕೀವಾಗಿತ್ತಂತೆ. ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದಳು ಎಂದು ಡಾಕ್ಟರು ಹೇಳಿದರಂತೆ. ನಿನ್ನೆ ಅವಳ ಅಮ್ಮ ಶಾಲೆಗೆ ಬಂದು ನನ್ನನ್ನು ಒಂದೆರಡು ಪ್ರಶ್ನೆ ಕೇಳಿದರು. ನಾನು ಒಂದೇ ಪದದಲ್ಲಿ ಉತ್ತರ ಹೇಳಿದೆ. ಸೋಮವಾರ ಅವರು ಮಗಳ ಸರ್ಟಿಫಿಕೇಟಿಗೆ ಮತ್ತೆ ಬರುತ್ತಾರೆ. ಅಷ್ಟರೊಳಗೆ ಆ ಪದವನ್ನು ನಾನು ಹಾಗೇ ಬಿಡಬೇಕೋ, ವಾಪಸು ತೆಗೆದುಕೊಳ್ಳಬೇಕೋ ತಿಳಿಯದೆ ಕೂತಿದ್ದೇನೆ.

ಮೊದಲು ಚೀಟಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ನಿನಗೆ ಅರ್ಥವಾಗುವುದಿಲ್ಲ. ಏಳೆಂಟು ವರ್ಷದ ಹಿಂದೆ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಬೆಂಚಿನಿಂದ ಎದ್ದಾಗ ಲಂಗಕ್ಕೆ ಕಲೆಯಾಗಿತ್ತು. ಹಿಂದಿನ ಸಾಲಿನ ಹುಡುಗರು ಕಿಸಿಕಿಸಿ ನಕ್ಕರು. ಆ ಹುಡುಗಿ ಮಾರನೆಯ ದಿನದಿಂದ ಶಾಲೆಗೇ ಬರಲಿಲ್ಲ. ನಮ್ಮ ಲೆಕ್ಕದ ಮೇಡಂ ಅವಳ ಮನೆಗೆ ನಾಲ್ಕು ಸಲ ಹೋಗಿ ಕರೆದರು, ಬರಲಿಲ್ಲ. ಅವರ ಮಾತು ಒರಟು, ಆದರೆ ಕರುಳು ಮೆತ್ತಗೆ. ಅವರೇ ಒಂದು ಉಪಾಯ ಮಾಡಿದರು. ದೊಡ್ಡ ಹುಡುಗಿಯರು ಯಾರೇ ಬಂದು ‘ಟೀಚರ್, ಹೊಟ್ಟೆನೋವು’ ಅಂದರೆ ನಾವು ಏನೂ ಕೇಳಬಾರದು. ಹಳದಿ ಚೀಟಿಯ ಮೇಲೆ ‘ಹೊಟ್ಟೆನೋವು’ ಎಂದು ಬರೆದು, ಸಹಿ ಮಾಡಿ, ಮನೆಗೆ ಕಳಿಸಬೇಕು. ಗೇಟಿನವನು ಚೀಟಿ ನೋಡಿ ಬಿಡುತ್ತಾನೆ, ಮನೆಯಲ್ಲಿ ತಾಯಂದಿರು ಚೀಟಿ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಯುತ್ತಿತ್ತು. ಹುಡುಗಿಯರು ಇದನ್ನು ದುರುಪಯೋಗ ಮಾಡಿಕೊಂಡಾರು ಎಂದು ಹೆಡ್ ಮಾಸ್ಟರು ತಿಂಗಳಿಗೆ ಮೂರೇ ಚೀಟಿ ಎಂದು ಒಂದು ನಿಯಮ ಸೇರಿಸಿದರು. ಗಂಡಸು, ಅವರಿಗೆ ಯಾರು ಲೆಕ್ಕ ಹೇಳಿಕೊಟ್ಟರೋ. ಆದರೂ ಇಷ್ಟು ವರ್ಷ ನಾವೆಲ್ಲ ಈ ಚೀಟಿಯ ಬಗ್ಗೆ ಹೆಮ್ಮೆಪಟ್ಟುಕೊಂಡೇ ಇದ್ದೆವು. ಪ್ರಶ್ನೆ ಕೇಳದಿರುವುದೇ ನಮ್ಮ ದೊಡ್ಡತನ ಎಂದುಕೊಂಡಿದ್ದೆವು.

ಪಾಠವೇ ಇರಲಿಲ್ಲವೇ ಎಂದು ನೀನು ಕೇಳುತ್ತೀಯ, ಗೊತ್ತು. ಇದೆ. ವಿಜ್ಞಾನದ ಪುಸ್ತಕದಲ್ಲಿ ಹತ್ತನೇ ಪಾಠ. ನಮಗೆಲ್ಲ ಎರಡು ದಿನದ ತರಬೇತಿಯೂ ಆಗಿತ್ತು. ತರಬೇತಿಗೆ ಬಂದಾಕೆ ಚಿಕ್ಕ ಹುಡುಗಿ, ಚುರುಕಾಗಿದ್ದಳು. ದೇಹದ ಭಾಗಗಳ ಹೆಸರನ್ನು ನಾವೆಲ್ಲ ಒಟ್ಟಿಗೆ ಗಟ್ಟಿಯಾಗಿ ಹೇಳಬೇಕು ಎಂದಳು. ಕಣ್ಣು, ಕಿವಿ, ಮೂಗು ಎನ್ನುವಾಗ ನಮ್ಮ ದನಿ ಸೂರಿಗೆ ತಾಕುತ್ತಿತ್ತು. ಸೊಂಟದಿಂದ ಕೆಳಗೆ ಬಂದದ್ದೇ ತಡ, ಇಪ್ಪತ್ತಾರು ಜನ ಮೇಷ್ಟ್ರುಗಳಿಗೂ ಮೇಡಮ್ಮುಗಳಿಗೂ ಒಟ್ಟಿಗೇ ಕೆಮ್ಮು ಬಂತು. ಎರಡನೇ ದಿನ ಚಹಾ ಬಿಸ್ಕತ್ತು ತಿಂದು, ಹಾಜರಿಗೆ ಸಹಿ ಹಾಕಿ ಬಂದೆವು. ಆಕೆ ಕೊಟ್ಟ ಬಣ್ಣದ ಚಾರ್ಟ್ ಒಂದು ವರ್ಷ ಬೀರುವಿನ ಮೇಲೆ ಸುತ್ತಿಕೊಂಡು ಮಲಗಿತ್ತು. ಆಮೇಲೆ ವೇಳಾಪಟ್ಟಿ ಬರೆಯಲು ದೊಡ್ಡ ಹಾಳೆ ಬೇಕಾಯಿತು. ಅದರ ಹಿಂಬದಿ ಬಿಳಿಯಾಗಿತ್ತು. ಈಗ ಇಲ್ಲಿ ನನ್ನ ಎದುರಿಗೇ ನೇತಾಡುತ್ತಿದೆ ನೋಡು, ಸೋಮವಾರ ಮೊದಲ ಪೀರಿಯಡ್ ಭಾಷೆ, ಎರಡನೆಯದು ಗಣಿತ. ಗರ್ಭಕೋಶದ ಚಿತ್ರ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದೆ. ನೀನು ಮಾಡಿದ್ದು ಇದರ ತಿರುಗುಮುರುಗು. ಅಮ್ಮ ಹೋದ ಎರಡನೇ ವರ್ಷ, ನಾನು ಬಚ್ಚಲುಮನೆಯಲ್ಲಿ ಕೂತು ಇನ್ನೇನು ಸತ್ತೇ ಹೋಗುತ್ತೇನೆಂದು ಅಳುತ್ತಿದ್ದಾಗ, ನೀನು ಕ್ಯಾಲೆಂಡರಿನ ಹಾಳೆ ಕಿತ್ತು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು ಎಲ್ಲವನ್ನೂ ಹೇಳಿದೆ. ‘ಇದಕ್ಕೆ ಯಾಕೆ ನಾಚ್ಕೊಳ್ತೀಯೇ ಮೊದ್ದು, ಮೂಗಿದೆ ಅಂತ ನಾಚ್ಕೊಳ್ತೀಯಾ?’ ಅಂದೆ. ನಿನಗೆ ಆಗ ಹದಿನೇಳು. ನನಗೆ ಹೇಳುವವಳೊಬ್ಬಳು ಇದ್ದಳು ಅಕ್ಕಾ. ನಮ್ಮ ಸ್ಟಾಫ್ ರೂಮಿನಲ್ಲಿ ಆ ಭಾಗ್ಯ ಇದ್ದವಳು ಬಹುಶಃ ನಾನೊಬ್ಬಳೇ.

ವಿಜ್ಞಾನದ ಮೇಷ್ಟ್ರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಆ ಪಾಠ ಮಾಡಿದ್ದರಂತೆ, ಬೋರ್ಡಿನ ಮೇಲೆ ಚಿತ್ರ ಬರೆದು. ಮಾರನೆಯ ದಿನ ಒಬ್ಬ ಹುಡುಗಿಯ ಅಪ್ಪ ಬಂದು ಮಕ್ಕಳೆಲ್ಲರ ಮುಂದೆ ಅವರ ಅಂಗಿಯ ಕಾಲರ್ ಹಿಡಿದ. ಆವತ್ತಿನ ಹೆಡ್ ಮಾಸ್ಟರು ಅಪ್ಪನ ಕೈ ಬಿಡಿಸಲಿಲ್ಲ, ಇವರ ಕೈಯಲ್ಲೇ ಕ್ಷಮೆ ಕೇಳಿಸಿದರು. ಅಂದಿನಿಂದ ಅವರು ಒಂಬತ್ತನೇ ಪಾಠ ಮುಗಿಸಿ, ‘ಹತ್ತನೇದು ಮನೇಲಿ ಓದ್ಕೊಳ್ಳಿ, ಪರೀಕ್ಷೆಗೆ ಬರಲ್ಲ’ ಎಂದು ಹೇಳಿ ಹನ್ನೊಂದಕ್ಕೆ ಹಾರುತ್ತಾರೆ. ಲೆಕ್ಕದ ಮೇಡಂ ವಾದವೇ ಬೇರೆ. ಇಲ್ಲದ್ದನ್ನೆಲ್ಲ ಹೇಳಿಕೊಟ್ಟು ಮಲಗಿದ್ದ ಮಕ್ಕಳನ್ನು ಎಬ್ಬಿಸೋದು ಯಾಕೆ, ಕಾಲ ಬಂದಾಗ ತಾನಾಗೇ ತಿಳಿಯುತ್ತೆ ಎನ್ನುತ್ತಾರೆ. ನಾನು ಯಾವತ್ತೂ ಎದುರು ಮಾತಾಡಿಲ್ಲ. ನನ್ನದು ಭಾಷೆ, ಅದು ನನ್ನ ಪಾಠವಲ್ಲ ಎಂದು ಕೈ ತೊಳೆದುಕೊಂಡಿದ್ದೆ.

ಇನ್ನು ಕೇಳು. ಹನ್ನೊಂದನೇ ತಾರೀಖು ಸೋಮವಾರ, ಊಟದ ಬೆಲ್ ಆದಮೇಲೆ ರೇಡಿಯೋ ಬಂದು ನನ್ನ ಮೇಜಿನ ಅಂಚು ಹಿಡಿದುಕೊಂಡು ‘ಟೀಚರ್, ಹೊಟ್ಟೆನೋವು’ ಅಂದಳು. ನನಗೆ ಏನನ್ನಿಸಿತು ಗೊತ್ತಾ? ಖುಷಿಯಾಯಿತು. ಅಯ್ಯೋ, ನಮ್ಮ ಹರಟೆಮಲ್ಲಿ ಇಷ್ಟು ಬೇಗ ದೊಡ್ಡವಳಾದಳಲ್ಲ ಎಂದು ಕೆನ್ನೆ ಸವರಿದೆ. ‘ಎಲ್ಲರಿಗೂ ಬರುತ್ತೆ ಪುಟ್ಟಾ, ಹೆದರ್ಕೋಬೇಡ. ಸ್ವಲ್ಪ ತಡ್ಕೋಬೇಕು. ಯಾರ ಹತ್ರಾನೂ ಹೇಳ್ಕೊಂಡು ತಿರುಗಬೇಡ, ಆಯ್ತಾ?’ ಅಂದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಆ ಮಗುವಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದು ಹೇಗೆ, ಹತ್ತನೇ ಪಾಠ ಮನೆಯಲ್ಲಿ ಓದಿಕೊಳ್ಳಬೇಕಾದದ್ದು. ಹೊಟ್ಟೆನೋವು ಎಂದರೆ ಅವಳ ಪಾಲಿಗೆ ಹೊಟ್ಟೆಯ ನೋವು ಅಷ್ಟೇ. ಟೀಚರು ನಗುನಗುತ್ತಾ ತಡೆದುಕೋ ಎಂದರೆ ತಡೆದುಕೊಳ್ಳುವಂಥದ್ದೇ ಇರಬೇಕು ಎಂದುಕೊಂಡಳು. ನಾನು ಚೀಟಿ ಬರೆದೆ, ಗುಂಡಗಿನ ಅಕ್ಷರದಲ್ಲಿ.

ಅವಳ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಬೆಳಿಗ್ಗೆ ಮಗಳು ಏಳುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಮನೆ. ಚೀಟಿ ನೋಡಿ ಅವರೂ ನನ್ನ ಹಾಗೇ ಅರ್ಥಮಾಡಿಕೊಂಡರು. ಬರುವಾಗ ಅಂಗಡಿಯಿಂದ ಪ್ಯಾಡಿನ ಪ್ಯಾಕೆಟ್ ತಂದು, ಕಾಗದದಲ್ಲಿ ಸುತ್ತಿ, ಮಗಳ ಬಟ್ಟೆಯ ಕೆಳಗೆ ಇಟ್ಟರು. ಬಿಸಿನೀರಿನ ಬಾಟಲಿ ಹೊಟ್ಟೆಯ ಮೇಲೆ ಇಟ್ಟುಕೊಟ್ಟರು. ಮೆಲ್ಲಗೆ ‘ಆಯ್ತಾ?’ ಎಂದು ಕೇಳಿದರು. ಮಗಳು ‘ಆಯ್ತು’ ಅಂದಳು. ಅವಳು ಹೇಳಿದ್ದು ಹೋಂವರ್ಕಿನ ಮಾತು ಎಂದು ಅವರಿಗೆ ಆಮೇಲೆ ಗೊತ್ತಾಯಿತಂತೆ. ಅಷ್ಟೇ ಅಕ್ಕಾ, ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ. ಇಬ್ಬರು ಬುದ್ಧಿವಂತ ಹೆಂಗಸರು ಒಂದು ಮಗುವಿನ ತಲೆಯ ಮೇಲಿಂದ ಚೀಟಿ ದಾಟಿಸಿಕೊಂಡು ತಲೆಯಾಡಿಸಿದೆವು. ಇದೇನು ರೋಗವಲ್ಲವಲ್ಲ ಎಂದು ಅವರು ಮಂಗಳವಾರ ಶಾಲೆಗೆ ಕಳಿಸಿದರು, ನಾನು ವಾಪಸು ಕಳಿಸಿದೆ. ಬುಧವಾರ ಕಳಿಸಿದರು, ವಾಪಸು ಕಳಿಸಿದೆ. ಬುಧವಾರ ಮೈ ಬೆಚ್ಚಗಿತ್ತು. ಮೊದಲ ಸಲ ಹಾಗೆಲ್ಲ ಆಗುತ್ತೆ ಎಂದು ಲೆಕ್ಕದ ಮೇಡಂ ಹೇಳಿದರು, ನಾನೂ ಹೌದು ಅಂದೆ. ಗುರುವಾರ ಬಂದಳು. ಮೂರು ಚೀಟಿ ಮುಗಿದಿತ್ತು, ನಾಲ್ಕನೆಯದು ಕೊಡುವ ಹಾಗಿರಲಿಲ್ಲ. ಕೊನೆಯ ಬೆಲ್ ತನಕ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕ್ಲಾಸು ಅಷ್ಟು ನಿಶ್ಶಬ್ದವಾಗಿ ಇಡೀ ವರ್ಷದಲ್ಲೇ ಇರಲಿಲ್ಲ. ಅವತ್ತು ಸಂಜೆ ಮನೆಯ ಬಾಗಿಲಲ್ಲೇ ಬಿದ್ದಳಂತೆ. ಶುಕ್ರವಾರ ಆಪರೇಷನ್ ಮಾಡಿದರು. ಒಡೆದ ಮೇಲೆ ಸ್ವಲ್ಪ ಹೊತ್ತು ನೋವು ಇಳಿದ ಹಾಗೆ ಆಗುತ್ತದಂತೆ, ಅದಕ್ಕೇ ಗುರುವಾರ ನಡೆದುಕೊಂಡು ಬಂದಿದ್ದಾಳೆ. ನಿನಗೆ ಇದೆಲ್ಲ ಗೊತ್ತಿರುತ್ತದೆ. ನನಗೆ ಈಗ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈ ವಾರ ಬುಧವಾರ ಮೀಟಿಂಗ್ ಆಯಿತು. ಎರಡು ನಿಮಿಷ ಎದ್ದು ನಿಂತೆವು. ಲೆಕ್ಕದ ಮೇಡಂ ಬಿಕ್ಕಿಬಿಕ್ಕಿ ಅತ್ತರು, ತಮ್ಮ ಉಪಾಯವೇ ಮಗುವನ್ನು ನುಂಗಿತು ಎಂದು. ಅವರು ಅಷ್ಟು ಕುಗ್ಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಆಗ ಒಂದು ಕ್ಷಣ ಆಸೆ ಬಂತು ಅಕ್ಕಾ. ಈಗಲಾದರೂ ಯಾರಾದರೂ ಎದ್ದು ಆ ಚಾರ್ಟನ್ನು ಈ ಕಡೆಗೆ ತಿರುಗಿಸುತ್ತಾರೆ ಎಂದು ಕಾದೆ. ಆ ಯಾರಾದರೂ ನಾನೇ ಆಗಬಹುದಿತ್ತು, ಕುರ್ಚಿಯಿಂದ ಏಳುವಷ್ಟೇ ಕೆಲಸ. ವಿಜ್ಞಾನದ ಮೇಷ್ಟ್ರು ನೆಲ ನೋಡುತ್ತಿದ್ದರು. ಕೊನೆಗೆ ಹೆಡ್ ಮಾಸ್ಟರು ಗಂಟಲು ಸರಿಮಾಡಿಕೊಂಡು, ‘ಇನ್ಮುಂದೆ ಇಂಥ ಗೊಂದಲ ಆಗಬಾರದು’ ಅಂದರು. ಏನು ತೀರ್ಮಾನ ಮಾಡಿದರು ಗೊತ್ತಾ? ಪದ ಬದಲಾಯಿಸಿದರು. ಹೊಟ್ಟೆನೋವು ಎಂದರೆ ಇನ್ನು ಮೇಲೆ ನಿಜವಾಗಿ ಹೊಟ್ಟೆನೋವು. ಆ ವಿಷಯಕ್ಕೆ ಇನ್ನು ಮೇಲೆ ‘ತಲೆನೋವು’. ಏಳನೇ ಕ್ಲಾಸಿನ ಲೀಡರ್ ಹುಡುಗಿಗೆ ಗುಟ್ಟಾಗಿ ಹೇಳಿದರೆ ಉಳಿದವರಿಗೆ ಅವಳೇ ಹೇಳುತ್ತಾಳೆ. ಎಲ್ಲರೂ ಒಪ್ಪಿದರು. ಮೀಟಿಂಗ್ ಪುಸ್ತಕದಲ್ಲಿ ನಾನೇ ಬರೆದೆ, ನನ್ನ ಅಕ್ಷರ ಚೆನ್ನಾಗಿದೆಯಲ್ಲ. ನಗಬೇಡ. ನಕ್ಕರೂ ನಗು, ನಾನಂತೂ ಮನೆಗೆ ಹೋಗಿ ಒಬ್ಬಳೇ ನಕ್ಕೆ, ಆಮೇಲೆ ಅದು ನಿಲ್ಲಲಿಲ್ಲ.

ನಿನ್ನೆ ಅವಳ ಅಮ್ಮ ಬಂದರು. ಮಗಳ ಎರಡು ಜೊತೆ ಯೂನಿಫಾರ್ಮ್ ಒಗೆದು, ಇಸ್ತ್ರಿ ಮಾಡಿ, ಮಡಿಕೆ ಮುರಿಯದ ಹಾಗೆ ಪೇಪರಿನಲ್ಲಿ ಸುತ್ತಿ ತಂದಿದ್ದರು. ಯಾವುದಾದರೂ ಇಲ್ಲದ ಮಗುವಿಗೆ ಕೊಡಿ ಎಂದರು. ಮುಂಗೈ ತುಂಬ ಇಸ್ತ್ರಿಪೆಟ್ಟಿಗೆಯ ಸುಟ್ಟ ಗೆರೆಗಳು. ಬೈಯಲು ಬಂದಿದ್ದಾರೆ ಎಂದು ನಾನು ಎದ್ದು ನಿಂತಿದ್ದೆ. ಬೈಯಲಿ ಎಂದೇ ಕಾಯುತ್ತಿದ್ದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ‘ನೀವಾದ್ರೂ ಮೂರು ದಿನಾನೂ ಬೇಗ ಕಳಿಸಿದ್ರಿ ಟೀಚರ್, ಮನೇಲಿ ಮಲಕ್ಕೊಂಡ್ಲು ಪಾಪ’ ಎಂದು ಉಪಕಾರ ಹೇಳಿದರು. ಆಮೇಲೆ ಕೇಳಿದರು. ‘ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ? ಬಾಯಿ ಮುಚ್ಚದ ಹುಡುಗಿ, ಇದೊಂದನ್ನ ಯಾಕೆ ನುಂಗ್ಕೊಂಡ್ಲು? ನಾನು ಕೆಲಸ ಕೆಲಸ ಅಂತ ಓಡ್ತಿದ್ದೆ, ನನ್ನ ಹತ್ರ ಹೇಳಕ್ಕೆ ಅವಳಿಗೆ ಪುರುಸೊತ್ತೇ ಸಿಗಲಿಲ್ಲ. ನನ್ನಿಂದಾನೇ ಹಿಂಗಾಯ್ತು ಅಲ್ವಾ?’ ನಾನು ‘ಇಲ್ಲ’ ಅಂದೆ. ಯಾವ ಪ್ರಶ್ನೆಗೆ ಇಲ್ಲ ಎಂದು ಅವರಿಗೆ ಗೊತ್ತಾಗಲಿಲ್ಲ. ಏನೂ ಹೇಳಲಿಲ್ಲ ಎಂದೇ ತಿಳಿದುಕೊಂಡರು. ತಲೆಯಾಡಿಸಿ, ಯೂನಿಫಾರ್ಮಿನ ಕಟ್ಟನ್ನು ಇನ್ನೊಮ್ಮೆ ಸವರಿ ಹೋದರು. ಬೀರುವಿನಲ್ಲಿ ಇಟ್ಟಿದ್ದೇನೆ, ಯಾರಿಗೂ ಕೊಡಲು ಮನಸ್ಸಿಲ್ಲ.

ಇವತ್ತು ಬೆಳಿಗ್ಗೆ ಆರನೇ ಕ್ಲಾಸಿನ ಇನ್ನೊಬ್ಬಳು ಹಣೆ ಹಿಡಿದುಕೊಂಡು ಬಂದು ‘ಟೀಚರ್, ತಲೆನೋವು’ ಅಂದಳು. ಎಲ್ಲಿ, ಹೇಗೆ, ಯಾವಾಗಿನಿಂದ ಎಂದು ಕೇಳಬೇಕು ಎಂದು ಬಾಯಿ ತೆರೆದೆ. ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು ಕೂತಿದ್ದರು, ಬಾಗಿಲಲ್ಲಿ ಇಬ್ಬರು ಹುಡುಗರು ಸೀಮೆಸುಣ್ಣಕ್ಕೆ ನಿಂತಿದ್ದರು. ನನ್ನ ಕೈ ತಾನಾಗಿಯೇ ಹಳದಿ ಚೀಟಿಯ ಕಟ್ಟನ್ನು ಎಳೆದುಕೊಂಡಿತು. ಬರೆದು ಕೊಟ್ಟೆ. ಹೋಗುವಾಗ ಅವಳು ಸರಿಯಾಗಿ ನಡೆಯುತ್ತಿದ್ದಾಳೋ ಇಲ್ಲವೋ ಎಂದು ಕಿಟಕಿಯಿಂದ ಗೇಟಿನ ತನಕ ನೋಡಿದೆ. ನನ್ನ ಕೈಲಾದದ್ದು ಅಷ್ಟೇ. ಇಪ್ಪತ್ತೊಂದು ವರ್ಷ ಪಾಠ ಮಾಡಿದವಳು ಕಿಟಕಿಯಿಂದ ನೋಡುವುದನ್ನು ಮಾತ್ರ ಕಲಿತಿದ್ದೇನೆ. ನೀನು ಇಲ್ಲಿ ಇದ್ದಿದ್ದರೆ ಏನಾದರೂ ಮಾಡುತ್ತಿದ್ದೆ ಎಂದು ಬರೆಯುವುದೂ ಸುಲಭ. ನೀನಿಲ್ಲ, ನಾನಿದ್ದೇನೆ, ನಾನು ಇಂಥವಳು.

ಬೆಲ್ ಹೊಡೆಯುವವನು ಗೇಟಿನ ಬೀಗ ಅಲ್ಲಾಡಿಸುತ್ತಿದ್ದಾನೆ, ಏಳಬೇಕು. ಕಾಲಿಗೆ ಮುಲಾಮು ಹಚ್ಚಿಕೋ, ವಾರ್ಡಿನಲ್ಲಿ ಒಂದಿಷ್ಟು ಹೊತ್ತಾದರೂ ಕೂತುಕೋ. ಭಾವನವರಿಗೆ ನನ್ನ ನಮಸ್ಕಾರ. ನಿನ್ನ ಆಶೀರ್ವಾದ ಕೇಳುವ ಮುಖ ಈ ಸಲ ನನಗಿಲ್ಲ, ಬೈಗುಳವನ್ನಾದರೂ ಬರೆದು ಕಳಿಸು.

ಇಂತಿ,
ನಿನ್ನ ತಂಗಿ
ಮೊದ್ದು

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಗುರುವಾರದ್ದನ್ನು ನಿನಗೂ ಪೂರ್ತಿ ಹೇಳಲಿಲ್ಲ. ಅವಳು ನುಂಗಿಕೊಳ್ಳಲಿಲ್ಲ ಅಕ್ಕಾ. ಗುರುವಾರ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ದೊಡ್ಡ ಹುಡುಗಿಯರು ಅಷ್ಟರಲ್ಲಿ ಅವಳಿಗೆ ಏನೋ ಹೇಳಿದ್ದರು. ಎಲ್ಲರಿಗೂ ಕೇಳಿಸುವ ಹಾಗೆ, ತನ್ನ ಎಂದಿನ ದನಿಯಲ್ಲೇ, ‘ಟೀಚರ್, ನನಗೆ ಬಂದಿರೋದು ಆ ಹೊಟ್ಟೆನೋವು ಅಲ್ಲ, ನಿಜವಾದ ಹೊಟ್ಟೆನೋವು. ಇಲ್ಲಿ, ಬಲಗಡೆ, ಕೆಳಗೆ. ಚುಚ್ಚಿದ ಹಾಗೆ ಆಗುತ್ತೆ. ಸೋಮವಾರದಿಂದ’ ಅಂದಳು. ನಿನ್ನ ಮೂರು ಪ್ರಶ್ನೆಗಳಿಗೂ ನಾನು ಕೇಳದೆಯೇ ಉತ್ತರ ಕೊಟ್ಟಳು. ನಾಡಿದ್ದು ಸೋಮವಾರ ಅವಳ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಬರುವುದಿಲ್ಲ, ನಿನಗೂ ಗೊತ್ತು. ತಾನೇ ಕೊಂದೆ ಎಂದುಕೊಂಡೇ ಆ ತಾಯಿ ಇಸ್ತ್ರಿ ಮಾಡುತ್ತಿರುತ್ತಾರೆ. ಅವತ್ತು ನಾನು ಸುತ್ತ ನೋಡಿ, ಅವಳ ಬಾಯಿಯ ಮೇಲೆ ಕೈಯಿಟ್ಟು, ‘ಶ್, ಮೆಲ್ಲಗೆ, ಹುಡುಗರಿದ್ದಾರೆ’ ಅಂದೆ.